ಚಿತ್ರದುರ್ಗದಲ್ಲಿ ನಾನು ತೆಗೆದ ಅಳತೆಗಳು

ಮೈಸೂರಿನಲ್ಲಿ ವಿಶ್ವವಿದ್ಯಾನಿಲಯ ಆರಂಭವಾಗಿ ಮೂರು ನಾಲ್ಕು ವರ್ಷಗಳಾಗಿದ್ದವು. ಯುರೋಪಿನ ದೊಡ್ಡ ಯುದ್ಧ ಆಗಷ್ಟೇ ಮುಗಿದಿತ್ತು. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಸಹಾಯಕ ಜಿಮ್ನಾಸ್ಟಿಕ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಪ್ರಿನ್ಸಿಪಾಲರು ಒಂದು ದಿನ ಕರೆದು, ಎರಡು ತಿಂಗಳ ಮಟ್ಟಿಗೆ ಚಿತ್ರದುರ್ಗಕ್ಕೆ ಹೋಗಿ, ಬೆಳಿಗ್ಗೆ ಹೈಸ್ಕೂಲು ವಿದ್ಯಾರ್ಥಿಗಳಿಗೂ ಸಂಜೆ ಊರಿನವರಿಗೂ ವ್ಯಾಯಾಮದ ತರಗತಿ ನಡೆಸಬೇಕೆಂದು ಹೇಳಿದರು. ಬಂದವರ ಹೆಸರು, ಎತ್ತರ, ಉಸಿರು ಬಿಟ್ಟಾಗ ಮತ್ತು ತುಂಬಿಕೊಂಡಾಗ ಎದೆಯ ಸುತ್ತಳತೆ, ಇವಿಷ್ಟನ್ನು ರಿಜಿಸ್ಟರಿನಲ್ಲಿ ಬರೆಯಬೇಕು. ಎರಡು ತಿಂಗಳ ನಂತರ ಮತ್ತೆ ಅಳೆದು ಎಷ್ಟು ಸುಧಾರಿಸಿದೆ ಎಂದು ತೋರಿಸಬೇಕು.

ಮೊದಲ ಸಂಜೆ ಮೈದಾನಕ್ಕೆ ನಲವತ್ತೊಂದು ಜನ ಬಂದರು. ಕಂಬಳಿ ನೇಯುವವರು, ಅಂಗಡಿಯವರು, ಪಕ್ಕದ ಹಳ್ಳಿ ಮದಕರಿಪುರದ ಕೆಲವು ರೈತರು. ಎಲ್ಲರನ್ನೂ ಉತ್ಸಾಹದಿಂದ ಅಳೆದು ಬರೆದುಕೊಂಡೆ. ಮರುದಿನ ಸಂಜೆ ಒಬ್ಬರೂ ಬರಲಿಲ್ಲ. ಅದರ ಮರುದಿನ ಬೆಳಿಗ್ಗೆ ವಿದ್ಯಾರ್ಥಿಗಳಲ್ಲೂ ಅರ್ಧ ಜನ ಇರಲಿಲ್ಲ.

ನನಗೆ ತಲೆಬುಡ ತಿಳಿಯಲಿಲ್ಲ. ಅಂಗಿ ಬಿಚ್ಚಿಸಿದ್ದು ತಪ್ಪಾಯಿತೇ? ಒಂದೇ ಟೇಪನ್ನು ಎಲ್ಲ ಜಾತಿಯವರಿಗೂ ಸುತ್ತಿದ್ದು ಸರಿಬರಲಿಲ್ಲವೇ? ಹೆಡ್‌ಮಾಸ್ಟರರು ಜನ ಸೋಮಾರಿಗಳು ಎಂದರು. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಇದು ಗರಡಿಯ ಉಸ್ತಾದ್ ರುದ್ರಪ್ಪನವರ ಕಿತಾಪತಿ ಎಂದರು. ಉಸ್ತಾದರನ್ನು ಹುಡುಕಿಕೊಂಡು ಹೋದೆ. ಅರವತ್ತು ದಾಟಿದ ಪೈಲ್ವಾನರು. ಕೂರಿಸಿ ಮಜ್ಜಿಗೆ ಕೊಟ್ಟರು, ಜನ ಏಕೆ ಬರುತ್ತಿಲ್ಲ ಎಂದು ಕೇಳಿದರೆ ಮಾತನ್ನು ಮಳೆಬೆಳೆಯ ಕಡೆ ತಿರುಗಿಸಿದರು. ಇನ್ನೂ ಗೊಂದಲಗೊಂಡು ಹಿಂತಿರುಗಿದೆ.

ನಾಲ್ಕನೆಯ ಸಂಜೆ ಖಾಲಿ ಮೈದಾನಕ್ಕೆ ಅದೇ ಉಸ್ತಾದರು ಒಬ್ಬ ಹೆಂಗಸನ್ನು ಕರೆದುಕೊಂಡು ಬಂದರು. ಮದಕರಿಪುರದ ಗಂಗಮ್ಮ, ಮೂವತ್ತರ ಆಸುಪಾಸಿನ ಕೂಲಿಯವಳು. ಅವಳು ನನ್ನ ರಿಜಿಸ್ಟರನ್ನೇ ನೋಡುತ್ತ ಹೇಳಿದಳು: "ನಮ್ಮ ಯಜಮಾನ್ರ ಎದೆನೂ ಹಿಂಗೇ ಅಳೆದು ಬರ್ಕಂಡ್ರು. ಆಮ್ಯಾಲೆ ಬಸ್ರಾಕ್ಕೆ ಕರ್ಕಂಡು ಹೋದ್ರು. ಮೂರು ವರ್ಷ ಆತು. ನಿಮ್ಮ ಪುಸ್ತಕದಾಗೆ ಅವರ ಹೆಸರು ಐತಾ ನೋಡ್ರಿ."

ಗಂಡನ ಹೆಸರನ್ನು ಅವಳು ಬಾಯಲ್ಲಿ ಹೇಳುವಂತಿರಲಿಲ್ಲ. ಹನುಮಪ್ಪ ಎಂದು ಉಸ್ತಾದರು ಹೇಳಿದರು. ಯುದ್ಧಕಾಲದಲ್ಲಿ ಸೈನ್ಯದ ಕೂಲಿ ದಳಕ್ಕೆ ಸೇರಿ ಕಡಲಾಚೆಯ ಬಸ್ರಾ ಬಂದರಿಗೆ ಹೋದವನು. ಊರಿಗೆ ಊರೇ ನನ್ನನ್ನು ಸೈನ್ಯಕ್ಕೆ ಜನ ಸೇರಿಸಲು ಬಂದವನು ಎಂದುಕೊಂಡಿದೆ ಎಂದು ಆಗ ಹೊಳೆಯಿತು. ಆ ಹೆಸರು ರಿಜಿಸ್ಟರಿನಲ್ಲಿಲ್ಲ ಎಂದು ಗೊತ್ತಿದ್ದರೂ ಹಾಗೇ ಹೇಳಿ ಕಳಿಸಲು ಮನಸ್ಸಾಗಲಿಲ್ಲ. ಅವಳೆದುರು ಕುಳಿತು ಊರಿನವರ ನಲವತ್ತೊಂದು ಹೆಸರನ್ನೂ ಓದಿದೆ. ಇದು ಉಸಿರಿನ ಅಳತೆ, ಈ ಪುಸ್ತಕ ಸೈನ್ಯಕ್ಕೆ ಹೋಗುವುದಿಲ್ಲ ಎಂದು ವಿವರಿಸಿದೆ.

"ಇದನ್ನ ಮೊದಲ್ನೇ ದಿನಾನೇ ಹೇಳಬೇಕಿತ್ತು ಮೇಷ್ಟ್ರೆ," ಎಂದರು ಉಸ್ತಾದರು.

ಮರುದಿನ ರಿಜಿಸ್ಟರನ್ನು ಅವರ ಗರಡಿಯಲ್ಲೇ ಇಟ್ಟೆ, ಯಾರು ಬೇಕಾದರೂ ನೋಡಬಹುದು ಎಂದೆ. ಮೊದಲು ನನ್ನ ಎದೆಯನ್ನೇ ಅವರಿಂದ ಅಳೆಸಿಕೊಂಡೆ. ಜನ ಒಬ್ಬೊಬ್ಬರಾಗಿ ಬಂದರು. ತಿಂಗಳ ಕೊನೆಗೆ ಇಪ್ಪತ್ತಾರು ಮಂದಿಯಾದರು. ಡಂಬೆಲ್ಸ್ ನಾನು ಕಲಿಸಿದೆ, ಸಾಮು ಉಸ್ತಾದರು ಕಲಿಸಿದರು.

ಈ ನಡುವೆ ಗಂಗಮ್ಮನ ಪರವಾಗಿ ಸೈನ್ಯದ ಭರ್ತಿ ಕಚೇರಿಗೆ ಮೂರು ಸಲ ಬರೆದಿದ್ದೆ. ನಾನು ಹೊರಡುವ ವಾರ ಉತ್ತರ ಬಂತು. ಆ ಸೀಮೆಯಿಂದ ಹೋದ ಹನುಮಪ್ಪಂದಿರು ಇಬ್ಬರು. ಒಬ್ಬ ಐದು ಅಡಿ ನಾಲ್ಕು ಅಂಗುಲ; ಬಸ್ರಾದ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ. ಇನ್ನೊಬ್ಬ ಐದು ಅಡಿ ಏಳು ಅಂಗುಲ. ವರ್ಷದ ಹಿಂದೆಯೇ ಬೊಂಬಾಯಿಯಲ್ಲಿ ದಳದಿಂದ ಬಿಡುಗಡೆಯಾಗಿದ್ದ. ತಂದೆಯ ಹೆಸರಾಗಲಿ ಊರಾಗಲಿ ನಮೂದಾಗಿರಲಿಲ್ಲ.

ಉಸ್ತಾದರೊಂದಿಗೆ ಮದಕರಿಪುರಕ್ಕೆ ನಡೆದೆ. ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿ, ನಿನ್ನ ಗಂಡ ಎಷ್ಟು ಎತ್ತರ ಎಂದು ಕೇಳಿದೆ. ಅವಳು ಬಾಗಿಲ ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟಳು. ತೆಗೆದಳು, ಕೊಂಚ ಮೇಲೆ ಇಟ್ಟಳು, ಮತ್ತೆ ಇಳಿಸಿದಳು. ನಾನು ಟೇಪು ಹಿಡಿದೆ: ಐದು ಅಡಿ ಐದೂವರೆ ಅಂಗುಲ.

ಇಬ್ಬರ ಎತ್ತರಕ್ಕೂ ಸರಿಯಾಗಿ ನಡುವೆ. ಬದುಕಿದ್ದಾನೆ ಎಂದರೆ ಮನೆಗೇಕೆ ಬರಲಿಲ್ಲ ಎಂಬ ಪ್ರಶ್ನೆ. ಇಲ್ಲ ಎಂದರೆ ಅವಳ ಕುಂಕುಮವನ್ನು ನಾನೇ ಅಳಿಸಿದ ಹಾಗೆ. ಆದರೂ ಅವಳಿಗೆ ಧೈರ್ಯ ಬರಲೆಂದು, ಬದುಕಿರುವವನೇ ಇರಬೇಕು ಎಂದು ಬಾಯಿ ತೆರೆದೆ. ಗಂಗಮ್ಮ ತಡೆದಳು.

"ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಎರಡನ್ನೂ ಬರ್ದು ಕೊಡ್ರಿ. ಒಂದನ್ನೇ ಬರೀಬ್ಯಾಡ್ರಿ."

ಎರಡನ್ನೂ ಕನ್ನಡದಲ್ಲಿ ಬರೆದುಕೊಟ್ಟೆ. ಆಮೇಲೆ ಇಪ್ಪತ್ತೆಂಟು ವರ್ಷ ಈ ಕೆಲಸ ಮಾಡಿದೆ. ಒಬ್ಬರ ಮೈ ಮುಟ್ಟುವ ಮೊದಲು ಏಕೆ ಮುಟ್ಟುತ್ತಿದ್ದೇನೆ ಎಂದು ಹೇಳುವುದನ್ನು ಉಸ್ತಾದರಿಂದ ಕಲಿತೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬರೆಯುವುದನ್ನು ಗಂಗಮ್ಮನಿಂದ ಕಲಿತೆ. ಆ ಇಬ್ಬರಲ್ಲಿ ಅವಳ ಹನುಮಪ್ಪ ಯಾರೆಂಬುದು ನನಗೆ ಇವತ್ತಿಗೂ ತಿಳಿಯದು.