ಸಾಹೇಬರ ಮೀಟರಿಗೆ ಸರಿಯಾಗಿ

ನನ್ನ ತಮ್ಮ ವಿಮಾನ ಹಾರಿಸುತ್ತಾನೆ ಎಂದು ಜನ ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಅವನು ವಿಮಾನದ ಬಲಗಡೆ ಸೀಟಿನಲ್ಲಿ ಕೂತು ಎಡಗಡೆ ಸೀಟಿನವರಿಗೆ ಹೂಂಗುಟ್ಟುತ್ತಾನೆ. ಅದಕ್ಕೆ ಕೋ-ಪೈಲಟ್ ಎಂಬ ಹೆಸರಿದೆ, ಸಂಬಳವಿದೆ, ಭುಜದ ಮೇಲೆ ಪಟ್ಟಿಯೂ ಇದೆ. ಬೆನ್ನೆಲುಬು ಒಂದಿಲ್ಲ.

ಚಿಕ್ಕವನಿದ್ದಾಗಲೇ ಹೀಗೆ. ಅಪ್ಪ ಅಮ್ಮ ಜಗಳವಾಡಿದರೆ ಹಜಾರದಲ್ಲಿ ಅಪ್ಪನಿಗೆ ಹೌದೆಂದು, ಅಡುಗೆಮನೆಗೆ ಬಂದು ಅಮ್ಮನಿಗೂ ಹೌದೆಂದು, ಎರಡೂ ಕಡೆ ಮುದ್ದು ಮಾಡಿಸಿಕೊಳ್ಳುತ್ತಿದ್ದ. ಲೆಕ್ಕ ಸರಿಯಾಗಿಯೇ ಮಾಡಿರುತ್ತಿದ್ದ, ಆದರೆ ಮೇಷ್ಟ್ರು ಹುಬ್ಬೇರಿಸಿದರೆ ಸಾಕು, ಉತ್ತರ ಅಳಿಸಿಬಿಡುತ್ತಿದ್ದ. ನಾನು ವಾದ ಮಾಡುತ್ತಿದ್ದೆ, ಏಟು ತಿನ್ನುತ್ತಿದ್ದೆ. "ನಿನ್ನ ತಮ್ಮನನ್ನ ನೋಡಿ ಕಲಿ, ಎಷ್ಟು ವಿನಯ!" ಎಂದು ನೆಂಟರೆಲ್ಲ ನನಗೆ ಬುದ್ಧಿ ಹೇಳುತ್ತಿದ್ದರು. ಆ ವಿನಯ ಕಂಡರೆ ನನಗೆ ಆಗಲೂ ಮೈ ಉರಿಯುತ್ತಿತ್ತು. ಮದುವೆಯಾದ ಮೇಲೆ ಅವನ ಹೆಂಡತಿ ನನ್ನ ಹತ್ತಿರ ಹೇಳಿಕೊಂಡದ್ದು ಇಷ್ಟೇ: "ಅತ್ತಿಗೆ, ಇವರ ಜೊತೆ ಜಗಳ ಆಡೋಕೂ ಆಗಲ್ಲ. ತಲೆ ಚಚ್ಚಿಕೊಳ್ಳೋಕೆ ಗೋಡೆಯಾದ್ರೂ ಗಟ್ಟಿಯಾಗಿರುತ್ತೆ, ಇವರು ಅದೂ ಇಲ್ಲ."

ವಿಮಾನದ ಕಂಪನಿಯಲ್ಲಿ ಈ ಗುಣಕ್ಕೆ ಒಳ್ಳೆಯ ಬೆಲೆ ಬಂತು. ಅಲ್ಲೊಬ್ಬ ಹಿರಿಯ ಕ್ಯಾಪ್ಟನ್. ಎಲ್ಲರೂ ಸಾಹೇಬರು ಎನ್ನುತ್ತಾರೆ. ಕಿರಿಯರು ಯಾರಾದರೂ ತಪ್ಪು ತೋರಿಸಿದರೆ ಅಂಗೈ ಎತ್ತಿ ಬಾಯಿ ಮುಚ್ಚಿಸುವವರು. "ನೀನು ಹುಟ್ಟೋಕೆ ಮುಂಚೆ ನಾನು ಹಾರಿಸ್ತಿದ್ದೆ" ಎನ್ನುವುದೇ ಅವರ ವಿಮಾನಶಾಸ್ತ್ರದ ಮೊದಲ ಪಾಠ, ಕೊನೆಯ ಪಾಠವೂ ಅದೇ. ಅವರ ಜೊತೆ ಹೋಗಬೇಕೆಂದರೆ ಬೇರೆ ಕೋ-ಪೈಲಟ್‌ಗಳು ಜ್ವರ ಬರಿಸಿಕೊಳ್ಳುತ್ತಿದ್ದರು. ನನ್ನ ತಮ್ಮ ಮಾತ್ರ ಅವರ ಬ್ಯಾಗನ್ನೂ ಹಿಡಿದುಕೊಂಡು ಹಿಂದೆ ಹಿಂದೆ ಹೋಗುತ್ತಿದ್ದ.

ನಾನು ವಿಮಾನ ನಿಲ್ದಾಣದ ಟವರಿನಲ್ಲಿ ಕೆಲಸ ಮಾಡುವವಳು. ಇಳಿಯುವ ವಿಮಾನಗಳಿಗೆ ರೇಡಿಯೋದಲ್ಲಿ ದಾರಿ, ಗಾಳಿ, ಒತ್ತಡ ಹೇಳಬೇಕು. ಒತ್ತಡ ಎಂದರೆ ಆ ಹೊತ್ತಿಗೆ ನಮ್ಮೂರಿನ ಗಾಳಿಯ ಭಾರ. ಪೈಲಟ್ ಮುಂದಿರುವ ಮೀಟರು ಆ ಅಂಕಿಯನ್ನು ನಂಬಿ ಎತ್ತರ ಹೇಳುತ್ತದೆ. ಬಹಳ ಮೇಲೆ ಹಾರುವಾಗ ಎಲ್ಲ ವಿಮಾನಗಳಿಗೂ ಒಂದೇ ಅಂಕಿ, ಸಾವಿರದ ಹದಿಮೂರು. ಇಳಿಯುವಾಗ ಅದನ್ನು ತೆಗೆದು ಆ ಊರಿನ ಅಂಕಿ ಇಡಬೇಕು. ಊರಿನ ಅಂಕಿ ಕಡಿಮೆಯಿದ್ದ ದಿನ ಹಾಗೆ ಇಡಲು ಮರೆತರೆ ಮೀಟರು ವಿಮಾನವನ್ನು ಇರುವುದಕ್ಕಿಂತ ಮೇಲೆ, ಇಲ್ಲದ ಎತ್ತರದಲ್ಲಿ ತೋರಿಸುತ್ತದೆ. ಅದಕ್ಕೇ ಇಬ್ಬರ ಮುಂದೆಯೂ ಒಂದೊಂದು ಮೀಟರು. ಒಬ್ಬರು ಮರೆತರೆ ಇನ್ನೊಬ್ಬರಿಗೆ ಗೊತ್ತಾಗಲಿ ಎಂದು.

ಆವತ್ತು ಬೆಳಿಗ್ಗೆ ದಟ್ಟ ಮಂಜು. ಟವರಿನಿಂದ ನನಗೆ ರನ್‌ವೇ ಕಾಣುತ್ತಿರಲಿಲ್ಲ. ಸಾಹೇಬರ ವಿಮಾನ ಉಪಕರಣಗಳನ್ನೇ ನಂಬಿ ಇಳಿಯಲು ಬರುತ್ತಿತ್ತು. ಹೀಗೆ ಬರುವಾಗ ಇನ್ನೂರು ಅಡಿಗೆ ಇಳಿದರೂ ರನ್‌ವೇ ಕಣ್ಣಿಗೆ ಬೀಳದಿದ್ದರೆ ಮರುಯೋಚನೆ ಮಾಡದೆ ಮೇಲೇರಬೇಕು. ನಾನು ಒತ್ತಡ ಸಾವಿರದ ಮೂರು ಎಂದೆ. ಆ ಕಡೆಯಿಂದ ತಮ್ಮನ ದನಿ "ಸಾವಿರದ ಮೂರು" ಎಂದು ಒಪ್ಪಿಸಿತು. ಸ್ವಲ್ಪ ಹೊತ್ತಿಗೆ ಟವರಿನ ಗಾಜು ನಡುಗುವಂತೆ ಎಂಜಿನ್ನು ಅಬ್ಬರಿಸಿತು. ಮಂಜಿನೊಳಗೆ ತೀರ ಕೆಳಗೆ ಬಂದಿದ್ದ ವಿಮಾನ ಮತ್ತೆ ಮೇಲೇರುತ್ತಿತ್ತು. ಒಳಗಿದ್ದವರು ನೂರೈವತ್ತು ಜನ, ಅವರಲ್ಲೊಬ್ಬ ಎಷ್ಟಾದರೂ ನನ್ನ ಒಡಹುಟ್ಟಿದವನು.

ಅವರನ್ನು ಉಳಿಸಿದ್ದು ನೆಲ ಎಷ್ಟು ಹತ್ತಿರವಿದೆ ಎಂದು ತಾನೇ ಅಳೆದು ಕೂಗುವ ಯಂತ್ರ. ಮೀಟರು ಇನ್ನೂ ಮುನ್ನೂರೈವತ್ತು ಅಡಿಯ ಮೇಲೆ ತೋರಿಸುತ್ತಿದ್ದಾಗ ಅದು "ನೂರು" ಎಂದು ಕೂಗಿತಂತೆ, ಸಾಹೇಬರು ಬೆಚ್ಚಿಬಿದ್ದು ವಿಮಾನದ ಮೂತಿ ಮೇಲೆತ್ತಿದರಂತೆ. ಆ ಕಾಕ್‌ಪಿಟ್‌ನಲ್ಲಿ ಸಾಹೇಬರಿಗೆ ಹೆದರದೆ ಬಾಯಿಬಿಟ್ಟದ್ದು ಅದೊಂದೇ.

ಪಕ್ಕದ ಊರಿಗೆ ಹೋಗಿ ಇಳಿದ ಕೂಡಲೇ ಸಾಹೇಬರು ನನ್ನ ತಲೆಯ ಮೇಲೆ ಗೂಬೆ ಕೂರಿಸಿದರು. ಟವರಿನವಳು ಹೇಳಿದ್ದೇ ಸಾವಿರದ ಹದಿಮೂರು ಎಂದರು. ಕೋ-ಪೈಲಟ್ಟೂ ಹೌದೆಂದ. ತನಿಖೆ ಮುಗಿಯುವ ತನಕ ನನ್ನನ್ನು ರೇಡಿಯೋದಿಂದ ದೂರ ಇಟ್ಟರು. ತಪ್ಪು ನನ್ನದೆಂದು ತೀರ್ಮಾನವಾದರೆ ಕೆಲಸ ಹೋದಂತೆಯೇ. ಈ ಕೆಲಸ ಬಿಟ್ಟರೆ ನನಗೆ ಬೇರೊಂದು ಬರುವುದಿಲ್ಲ.

ತನಿಖೆಗೆ ಮುಂಚೆ ತಮ್ಮ ನನ್ನ ಮನೆಗೆ ಬಂದ. ಅಡುಗೆಮನೆಯ ಸ್ಟೂಲಿನ ತುದಿಯಲ್ಲಿ ಕೂತ, ಸ್ಟೂಲಿಗೂ ಬೇಜಾರಾಗಬಾರದು ಎನ್ನುವ ಹಾಗೆ.

"ಅಕ್ಕಾ, ನಾಲಿಗೆ ತಪ್ಪಿರಬಹುದು ಅಂತ ಹೇಳ್ಬಿಡು. ನಿನಗೇನೂ ಆಗದ ಹಾಗೆ ಸಾಹೇಬ್ರು ನೋಡ್ಕೋತಾರಂತೆ."

"ನಾನೇನು ಹೇಳ್ದೆ ಅಂತ ನಿಂಗೆ ಗೊತ್ತಿಲ್ವಾ?"

"ಗೊತ್ತು. ನಂದು ಸರಿಯಾಗೇ ಇಟ್ಟಿದ್ದೆ."

"ಮತ್ತೆ?"

"ಆಮೇಲೆ ಸಾಹೇಬ್ರ ಮೀಟರ್ ಕಡೆ ನೋಡ್ದೆ. ಅವರದು ಇನ್ನೂ ಸಾವಿರದ ಹದಿಮೂರರಲ್ಲೇ ಇತ್ತು."

"ಹೇಳ್ಬೇಕಿತ್ತಲ್ವೇನೋ!"

"ಅವರಿಗೆ ಹೇಗಕ್ಕಾ ಹೇಳೋದು? ಅವರದೊಂದು, ನಂದೊಂದು ಇದ್ರೆ ಚೆನ್ನಾಗಿರಲ್ಲ ಅಂತ... ನಂದನ್ನೇ ಅವರದಕ್ಕೆ ಸರಿ ಮಾಡ್ಕೊಂಡೆ."

ಕೈಯಲ್ಲಿದ್ದ ಲೋಟವನ್ನು ಅವನ ತಲೆಗೆ ಕುಕ್ಕಬೇಕೆನಿಸಿತು. ಸಾಹೇಬರದು ಮರೆವು, ಮನುಷ್ಯರು ಮರೆಯುತ್ತಾರೆ. ಇವನು ಸರಿಯಿದ್ದದ್ದನ್ನು ಗೊತ್ತಿದ್ದೂ ಗೊತ್ತಿದ್ದೂ ಕೈಯಾರೆ ಕೆಡಿಸಿದವನು. ನೂರೈವತ್ತು ಜನರ ಜೀವಕ್ಕಿಂತ ಸಾಹೇಬರ ಮುಖ ಗಂಟಾಗದಿರುವುದು ಇವನಿಗೆ ದೊಡ್ಡದು. ಸಿಟ್ಟು ಒಂದು ಗಳಿಗೆಯಲ್ಲಿ ಇಳಿಯಿತು, ಹೇಸಿಗೆ ಉಳಿಯಿತು. "ಎದ್ದು ಹೋಗು" ಎಂದೆ. "ಆಯ್ತಕ್ಕಾ" ಎಂದು ಎದ್ದು ಹೋದ. ಅದಕ್ಕಾದರೂ ಇಲ್ಲ ಅನ್ನಬಾರದಿತ್ತೇ!

ತನಿಖೆಯ ಕೋಣೆಯಲ್ಲಿ ಉದ್ದನೆಯ ಮೇಜು. ಆ ಕಡೆ ಅಧಿಕಾರಿಗಳು. ಈ ಕಡೆ ಸಾಹೇಬರು, ಪಕ್ಕದಲ್ಲಿ ತಮ್ಮ, ಕೊನೆಯಲ್ಲಿ ನಾನು. ರೇಡಿಯೋದಲ್ಲಿ ಬರೀ ಕರಕರ ಶಬ್ದ, ಈ ಹೆಂಗಸು ಹದಿಮೂರು ಅಂದದ್ದಷ್ಟೇ ಕಿವಿಗೆ ಬಿತ್ತು ಎಂದು ಸಾಹೇಬರು ಹೇಳಿ ಮುಗಿಸಿದರು. ತಮ್ಮ ತಲೆದೂಗಿದ. ಹಿರಿಯ ಅಧಿಕಾರಿ ಆವತ್ತಿನ ರೆಕಾರ್ಡಿಂಗ್ ಹಾಕಿಸಿದರು. ಎದುರಿಗೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿತ್ತು. ನನ್ನ ದನಿ: ಸಾವಿರದ ಮೂರು. ಅದರ ಹಿಂದೆಯೇ ಗಂಡು ದನಿ: ಸಾವಿರದ ಮೂರು.

ಸಾಹೇಬರ ಕತ್ತು ಕೆಂಪಾಯಿತು. ಅಧಿಕಾರಿ ತಮ್ಮನ ಕಡೆ ತಿರುಗಿದರು.

"ಈ ಎರಡನೇ ದನಿ ನಿಮ್ಮದೇ ತಾನೇ?"

ಹುಟ್ಟಿದಾಗಿನಿಂದ ಹೌದು ಅನ್ನುವುದನ್ನು ಬಿಟ್ಟು ಬೇರೇನೂ ಅನ್ನದವನು. ಈಗ ಬೇಕಾಗಿದ್ದದ್ದೂ ಅದೊಂದೇ ಮಾತು.

ಅವನು ಸಾಹೇಬರ ಮುಖ ನೋಡಿದ. ಸಾಹೇಬರು ಚಾವಣಿ ನೋಡುತ್ತಿದ್ದರು.

"ಸಾಹೇಬ್ರನ್ನ ಒಂದ್ಮಾತು ಕೇಳಿ ಹೇಳ್ಲಾ ಸರ್?" ಎಂದ ತಮ್ಮ.

ಅಧಿಕಾರಿ ರೆಕಾರ್ಡಿಂಗ್ ನಿಲ್ಲಿಸಿದರು. ನನ್ನ ಕೆಲಸ ಉಳಿಯಿತು. ತಮ್ಮ ಇನ್ನೂ ಸಾಹೇಬರ ಕಡೆಯೇ ನೋಡುತ್ತಿದ್ದ.