ಕಲ್ಲೂರಿಗೆ ಹೋದ ರೈಲು

ಹೋದ ವಾರ ನೀವಿಬ್ಬರೂ ಹೂವಿನ ಕುಂಡಕ್ಕೆ ಎರೆ ಮಣ್ಣು ತುಂಬಿ ನೀರು ಹಾಕಿದಿರಲ್ಲ, ಆಗ ಎದ್ದ ವಾಸನೆಗೆ ನಾನು ಕೈಯಲ್ಲಿದ್ದ ಮೊರ ಕೆಳಗಿಟ್ಟು ಸುಮ್ಮನೆ ಕುಳಿತುಬಿಟ್ಟೆ. ಏನಾಯಿತು ಎಂದು ಕೇಳಿದಿರಿ. ಏನಿಲ್ಲ ಎಂದೆ. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಲು ನನಗೆ ಮೊದಲಿನಿಂದಲೂ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ತಾತ ತೀರಿಕೊಂಡ ಮರುವರ್ಷದ ಮಾತು. ರಾಯಚೂರಿನಲ್ಲಿ ನಾವಿದ್ದ ಬಾಡಿಗೆ ಮನೆಯ ಪಕ್ಕದಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರಿದ್ದರು. ಹಳಿ ನೋಡಿಕೊಳ್ಳುವುದು, ಹಳಿಯ ಕೆಳಗೆ ಜಲ್ಲಿ ಬಡಿಯುವುದು ಅವರು ಮಾಡಿದ ನೌಕರಿ. ಓಣಿಗೆಲ್ಲ ಅವರು ಗ್ಯಾಂಗ್‌ಮನ್ ಅಣ್ಣ. ನಾನು ಮಾತ್ರ ಅವರ ಮುಂದೆ ತಲೆ ಎತ್ತುತ್ತಿರಲಿಲ್ಲ. ತವರೂರು ಪೋತ್ನಾಳದ ಶಾಲೆಯಲ್ಲಿ ನಾಲ್ಕು ಇಯತ್ತೆ ಓದಿದವಳು, ಗಂಡನಿಲ್ಲದವಳು, ಯಾರೊಂದಿಗೆ ಏನು ಮಾತಾಡಲಿ ಎಂಬ ಅಂಜಿಕೆ.

ಅವರ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ಒಂದು ದಿನ ಆಕೆ ನನ್ನನ್ನು ಒಳಗೆ ಕರೆದರು. ನಡುಮನೆಯ ತುಂಬ ಒಂದು ಹಲಗೆ, ಎರಡು ಹೊರಸು ಮಂಚಗಳನ್ನು ಜೋಡಿಸಿದಷ್ಟು ಅಗಲ. ಅದರ ಮೇಲೆ ಬೆರಳಿನಷ್ಟು ಅಗಲದ ಹಳಿ, ಸಿಕಂದರಾಬಾದಿನಿಂದ ತಂದ ಪುಟ್ಟ ರೈಲು.

"ಹಾಸಗಿ ಹಾಕಾಕ ಜಾಗ ಇಲ್ಲ ಮನ್ಯಾಗ. ಇವರು ಊರಿಗೆ ರೈಲು ಬಿಡಾಕತ್ಯಾರ" ಎಂದು ಅಕ್ಕ ನಕ್ಕರು.

ಹಲಗೆಯ ಈ ತುದಿಗೆ ರಾಯಚೂರು, ನಡುವೆ ಕಲ್ಲೂರು, ಆಮೇಲೆ ಮಾನ್ವಿ, ಆ ತುದಿಗೆ ಪೋತ್ನಾಳ. ನನಗೆ ಆಶ್ಚರ್ಯವಾಯಿತು. ನಮ್ಮ ಆ ದಾರಿಯಲ್ಲಿ ಬಸ್ಸು ಓಡುತ್ತಿತ್ತೇ ಹೊರತು ರೈಲು ಎಲ್ಲಿತ್ತು? ರೈಲಿನ ಜೊತೆ ಅಂಗಡಿಯವನು ಇಳಿಜಾರು ಚಾವಣಿಯ ಕೆಂಪು ಮನೆಗಳನ್ನೂ ಕೊಟ್ಟಿದ್ದನಂತೆ. ಗ್ಯಾಂಗ್‌ಮನ್ ಅಣ್ಣ ಅವನ್ನು ಒಂದು ಡಬ್ಬಿಯಲ್ಲಿ ಹಾಕಿ ಮೂಲೆಗಿಟ್ಟಿದ್ದರು. ನಮ್ಮ ಕಡೆ ನೀರು ಜಾರಿ ಹೋಗುವಷ್ಟು ಮಳೆ ಎಲ್ಲಿ ಬರುತ್ತದೆ ಎಂದು ಅವರ ಪ್ರಶ್ನೆ. ರಟ್ಟು ಕತ್ತರಿಸಿ, ಮಣ್ಣು ಮೆತ್ತಿ, ಚಪ್ಪಟೆ ಮಾಳಿಗೆಯ ಮನೆಗಳನ್ನು ತಾವೇ ಮಾಡಿದ್ದರು. ಕಲ್ಲೂರಿನ ಒಂದು ಮನೆಗೆ ಮಾತ್ರ ಕಟ್ಟೆ, ಬೆಳಕಿಂಡಿ, ಬಾಗಿಲ ಮುಂದೆ ಬೇವಿನ ಗಿಡ ಎಲ್ಲ ಇತ್ತು.

ಅದು ಅವರ ಅವ್ವನ ಮನೆ. ಆ ಕಥೆಯನ್ನು ಅಕ್ಕ ಆಮೇಲೆ ಹೇಳಿದರು. ಅವರ ಅವ್ವನಿಗೆ ಒಂದೇ ಆಸೆ ಇತ್ತಂತೆ, ರೈಲಿನಲ್ಲಿ ಕುಳಿತು ಕೃಷ್ಣಾ ಹೊಳೆ ದಾಟಬೇಕು. ಮಗ ರೈಲ್ವೆಯವನು, ಅವ್ವನಿಗೂ ಪಾಸು ಸಿಗುತ್ತಿತ್ತು. ಆದರೆ ಮಳೆಗಾಲದಲ್ಲಿ ಎರೆ ಭೂಮಿಯ ಮೇಲಿನ ಹಳಿ ಕುಸಿಯುತ್ತದೆ, ರಜೆ ಇಲ್ಲ. ಬೇಸಿಗೆಯಲ್ಲಿ ಅವ್ವನಿಗೆ ಬಿಸಿಲು ತಡೆಯದು. ಮುಂದಿನ ಸಲ, ಮುಂದಿನ ಸಲ ಎನ್ನುತ್ತಲೇ... ಒಂದು ದಿನ ಅವ್ವ ಹೋಗಿಬಿಟ್ಟರು. ದೇವದುರ್ಗಕ್ಕೆ ಕೊಟ್ಟಿದ್ದ ತಂಗಿ ಮಣ್ಣು ಕೊಡುವ ಹೊತ್ತಿನಲ್ಲೇ ಅಣ್ಣನಿಗೆ ಒಂದು ಮಾತು ಅಂದಿದ್ದಳಂತೆ, ಊರ ಮಂದಿಗೆಲ್ಲ ಹಳಿ ಕಾದೆ, ಹಡೆದವಳನ್ನು ಒಂದು ಸಲ ಕೂರಿಸಲಿಲ್ಲ ಎಂದು. ಅಂದಿನಿಂದ ಅಣ್ಣನ ಹೊಸ್ತಿಲು ತುಳಿದಿರಲಿಲ್ಲ.

ಈಗ ಆ ತಂಗಿ ಬರುವವಳಿದ್ದಳು. ರಾಯಚೂರಿನಲ್ಲಿ ಕಣ್ಣಿನ ಪೊರೆ ತೆಗೆಸಿ, ಎಂಟು ದಿನ ಇಲ್ಲೇ ಉಳಿಯಬೇಕಿತ್ತು. ಬೇರೆ ಬಳಗ ಇರಲಿಲ್ಲ. ಅವಳು ಬರುವುದರೊಳಗೆ ರೈಲು ಕಲ್ಲೂರಿಗೆ ಹೋಗಬೇಕು ಎಂಬುದೇ ಗ್ಯಾಂಗ್‌ಮನ್ ಅಣ್ಣನ ಹಟ.

ಆದರೆ ರೈಲು ಕಲ್ಲೂರಿನ ಹತ್ತಿರ ಬಂದರೆ ಸಾಕು, ಮಗುಚಿ ಬೀಳುತ್ತಿತ್ತು. ಊರಿನ ಹೊಲ ಊರಿನ ಮಣ್ಣಿನದೇ ಆಗಬೇಕೆಂದು ಕಲ್ಲೂರಿನ ತಮ್ಮ ಹೊಲದಿಂದ ಒಂದು ಚೀಲ ಎರೆ ಮಣ್ಣನ್ನು ಬಸ್ಸಿನಲ್ಲಿ ತಂದು ಹಲಗೆಯ ಮೇಲೆ ಮೆತ್ತಿದ್ದರು. ಅದು ಒಣಗಿ, ಬೇಸಿಗೆಯ ಹೊಲದಂತೆ ಬಾಯಿಬಿಟ್ಟು, ಹಳಿಯನ್ನು ಮೇಲಕ್ಕೆತ್ತಿತ್ತು. ಅವರು ಬಿರುಕಿಗೆ ಮತ್ತೆ ಅದೇ ಮಣ್ಣು ತುಂಬುವುದು, ಮರುದಿನ ಮತ್ತೆ ಬಿರಿಯುವುದು.

ಮೂರು ದಿನ ನೋಡಿದೆ. ನನಗೆ ತಡೆಯಲಾಗಲಿಲ್ಲ. ಸೆರಗು ಎಳೆದುಕೊಂಡು, ಬಾಗಿಲ ಹಿಂದೆ ನಿಂತೇ ಹೇಳಿದೆ.

"ಬರೇ ಎರಿ ಮಣ್ಣ ಹಚ್ಚಿದ್ರ ಬಿರೀತದ್ರಿ. ಹೊಟ್ಟು, ಸಗಣಿ ಕಲಸಿ ಮೂರು ದಿನ ಕೊಳಿ ಹಾಕಬೇಕ್ರಿ. ಗ್ವಾಡಿಗೆ ಹಚ್ಚೂ ಹಂಗ."

ಅವರು ತಿರುಗಿ ನೋಡಿದರು. ಆಮೇಲೆ ತಮ್ಮ ಹಣೆಯನ್ನು ತಾವೇ ಬಡಿದುಕೊಂಡರು.

"ಎರಿ ಮಣ್ಣ ಹಳಿ ಎತ್ತತದ ಅಂತ ಹುಡುಗರಿಗೆಲ್ಲ ಕಲಿಸಿದಾಂವ ನಾನು, ತಂಗಿ. ನಮ್ಮ ಹೊಲದ ಮಣ್ಣು ನನಗ ಹಂಗ ಮಾಡೂದಿಲ್ಲ ಅನ್ಕೊಂಡಿದ್ದೆ ನೋಡು."

ಮಣ್ಣನ್ನೆಲ್ಲ ಕೆರೆದು ತೆಗೆದೆವು. ನಾನೇ ಹೊಟ್ಟು ತಂದೆ, ಹಿತ್ತಲಲ್ಲಿ ಕಲಸಿ ತುಳಿದೆ. ಮನೆ ಬಿಟ್ಟು ಹೊರಗೆ ಬಂದು ಒಂದು ಕೆಲಸ ಮಾಡಿದ್ದು ಎಷ್ಟು ದಿನಗಳ ಮೇಲೋ... ಮಾಳಿಗೆಗಳ ಮೇಲೆ ಸೋರದ ಹಾಗೆ ಸವಳು ಮಣ್ಣು ಹಾಕಬೇಕೆಂದಾಗ, ಈ ಊರಲ್ಲಿ ಮಳೆಯನ್ನು ನೀನೇ ಸುರಿಸುತ್ತೀಯೇನು ಎಂದು ಅಕ್ಕ ನಗಾಡಿದರು. ಆದರೂ ಹಾಕಿದೆವು. ಕೆಲಸ ಮುಗಿಯುವ ಹೊತ್ತಿಗೆ ಗ್ಯಾಂಗ್‌ಮನ್ ಅಣ್ಣ ಪೋತ್ನಾಳದಲ್ಲಿ ನಮ್ಮ ತವರು ಮನೆ ಎಲ್ಲಿ ಬರುತ್ತದೆ ಎಂದು ಕೇಳಿ, ನಾನು ಬೆರಳಿಟ್ಟ ಕಡೆ ಒಂದು ಮನೆ ಕೂರಿಸಿದರು.

ತಂಗಿ ಬಂದಳು. ಎರಡು ದಿನ ಅಣ್ಣನ ಜೊತೆ ಮಾತಿಲ್ಲ. ಕಣ್ಣಿನ ಹಸಿರು ಪಟ್ಟಿ ತೆಗೆದು ಕಪ್ಪು ಕನ್ನಡಕ ಕೊಟ್ಟ ದಿನ ಅಕ್ಕ ಆಕೆಯನ್ನು ಕೈಹಿಡಿದು ಹಲಗೆಯ ಮುಂದೆ ತಂದು ಕೂರಿಸಿದರು. ನಾನು ಬಾಗಿಲಲ್ಲಿದ್ದೆ. ಗ್ಯಾಂಗ್‌ಮನ್ ಅಣ್ಣ ರೈಲನ್ನು ಹಳಿಯ ಮೇಲಿಟ್ಟರು. ಗುಂಡಿ ತಿರುಗಿಸಿದರು. ರೈಲು ರಾಯಚೂರು ಬಿಟ್ಟು ಬಿರುಕಿದ್ದ ಜಾಗ ದಾಟಿ ಕಲ್ಲೂರಿಗೆ ಬಂತು, ಬೇವಿನ ಗಿಡದ ಮುಂದೆ ನಿಂತಿತು. ಕ್ಷಣದಲ್ಲೇ ಮತ್ತೆ ಹೊರಟಿತು.

ತಂಗಿ ಬಹಳ ಹೊತ್ತು ಆ ಕಟ್ಟೆಯನ್ನೇ ನೋಡಿದಳು. ಆಮೇಲೆ ತಲೆ ಎತ್ತದೆ ಅಂದಳು:

"ಇಷ್ಟು ಗಡಾನ ಬಿಟ್ರ ಹೆಂಗೋ ಯಣ್ಣಾ? ಮಣಕಾಲ ಹಿಡದಾಕಿ ಅವ್ವ. ಏರೂತನಕಾ ನಿಂದ್ರಸು."

ಅವರು ರೈಲನ್ನು ಹಿಂದಕ್ಕೆ ತಂದು ಕಲ್ಲೂರಿನಲ್ಲಿ ನಿಲ್ಲಿಸಿದರು. ಒಂದು ಮುದುಕಿ ಗಂಟು ಹಿಡಿದು, ಮೆಟ್ಟಿಲು ಹತ್ತಿ, ಜಾಗ ಹುಡುಕಿ ಕುಳಿತುಕೊಳ್ಳಲು ಬೇಕಾಗುವಷ್ಟು ಹೊತ್ತು ಹಾಗೇ ಇದ್ದೆವು. ಆಮೇಲೆ ತಂಗಿ, ಹ್ಞೂಂ, ಬಿಡು ಎಂದಳು.

ಎರಡು ವರ್ಷದ ಮೇಲೆ ಗ್ಯಾಂಗ್‌ಮನ್ ಅಣ್ಣ ಹೋದರು. ಅಕ್ಕ ಮನೆ ಖಾಲಿ ಮಾಡುವಾಗ ಹಲಗೆ ಬಾಗಿಲಲ್ಲಿ ಹಿಡಿಯಲಿಲ್ಲ. ಒಳಗೇ ಕಟ್ಟಿದ್ದು, ಹೊರಗೆ ತರುವ ಲೆಕ್ಕ ಯಾರೂ ಹಾಕಿರಲಿಲ್ಲ. ಗರಗಸದಿಂದ ಮೂರು ತುಂಡು ಮಾಡಿದರು. ಕಲ್ಲೂರಿನ ತುಂಡನ್ನು ತಂಗಿ ಮಡಿಲಲ್ಲಿಟ್ಟುಕೊಂಡು ಟೆಂಪೋದಲ್ಲಿ ದೇವದುರ್ಗಕ್ಕೆ ಒಯ್ದಳು. ಪೋತ್ನಾಳದ ತುಂಡು ನಿನಗಿರಲಿ ಎಂದು ಅಕ್ಕ ಎರಡು ಸಲ ಅಂದರು. ನನ್ನ ಹಾಳು ಸಂಕೋಚ... ಬೇಡ ಬಿಡಕ್ಕಾ, ಇಡಲು ಜಾಗವಿಲ್ಲ ಎಂದುಬಿಟ್ಟೆ. ಜಾಗ ಇತ್ತು.

ಈಗ ನಮ್ಮ ತವರು ಮನೆಯೂ ಇಲ್ಲ, ಅಲ್ಲಿ ಯಾರದೋ ಗೊಬ್ಬರದ ಅಂಗಡಿಯಾಗಿದೆ. ಆ ಕಡೆ ನಿಜವಾದ ಹಳಿಯೇ ಬರುತ್ತಿದೆಯಂತೆ. ನಮ್ಮ ಮನೆ ಹೇಗಿತ್ತು ಎಂದು ನೀವು ಕೇಳಿದಾಗಲೆಲ್ಲ ನಾನು ಗಾಳಿಯಲ್ಲಿ ಕೈ ಆಡಿಸಿ ತೋರಿಸುತ್ತೇನೆ. ಬೆರಳಿಟ್ಟು ತೋರಿಸಬಹುದಾದ ಮನೆಯೊಂದನ್ನು ಒಬ್ಬರು ನನಗಾಗಿ ಮಾಡಿಟ್ಟಿದ್ದರು. ನಾನು ಕೈ ಚಾಚಲಿಲ್ಲ.