ನೋಟಿಸಿನ ರಸೀದಿ

ಇಂಡಿ ತಾಲೂಕಿನ ಕೋರ್ಟಿನಲ್ಲಿ ಚಿಗವ್ವ ದಾವೆ ಗೆದ್ದ ದಿನ ನಾವಿಬ್ಬರೂ ಊಟ ಮಾಡಲಿಲ್ಲ. ಇಷ್ಟು ಖಚಿತ. ಉಳಿದದ್ದರ ಬಗ್ಗೆ ನನಗೆ ಅಷ್ಟು ಧೈರ್ಯವಿಲ್ಲ.

ಚಿಗವ್ವ ನನ್ನ ತಾಯಿಯ ತಂಗಿ. ಎರಡು ಹಂಗಾಮಿನ ನಿಂಬೆಹಣ್ಣನ್ನು ಝಳಕಿಯ ವ್ಯಾಪಾರಿಯೊಬ್ಬನಿಗೆ ಬಾಯಿಮಾತಿನ ಮೇಲೆ ಕೊಟ್ಟಿದ್ದಳು. ಅವನು ಅವಳನ್ನು ಅಕ್ಕಾ ಎನ್ನುತ್ತಿದ್ದ. ಹಣ ಬರಲಿಲ್ಲ. ಪ್ರತಿ ಅಮಾವಾಸ್ಯೆಯ ಮರುದಿನ ಅವಳು ಬಸ್ಸು ಹತ್ತಿ ಕೇಳಲು ಹೋಗುತ್ತಿದ್ದಳು. ಬರಿಗೈಲಿ ಹೋಗಬಾರದೆಂದು ಒಂದು ಚೀಲ ನಿಂಬೆಹಣ್ಣನ್ನೂ ಒಯ್ಯುತ್ತಿದ್ದಳು. ಅವನು ಚಹಾ ಕುಡಿಸಿ, "ಮುಂದಿನ ತಿಂಗಳ ನಕ್ಕಿ ಕೊಡ್ತೀನಿ, ಅಕ್ಕಾ" ಎಂದು ಕಳಿಸುತ್ತಿದ್ದ. ಎರಡು ವರ್ಷ ಹೀಗೇ ಹೋಯಿತು.

ಕೊನೆಗೆ ನಾನೇ ಅವಳನ್ನು ವಕೀಲರ ಬಳಿ ಕರೆದೊಯ್ದೆ.

"ಮೊದಲ ನೋಟಿಸ ಕಳಸ್ರಿ," ಎಂದರು ಅವರು. "ಬಡ್ಡಿ ಬೇಕು ಅಂತ ಅದರಾಗ ಬರೀಬೇಕು. ನಿಮ್ಮ ಹತ್ರ ಕರಾರುಪತ್ರ ಇಲ್ಲ. ನೋಟಿಸ ಕೊಟ್ಟ ದಿನದಿಂದ ಬಡ್ಡಿ ಕೇಳಾಕ ಬರ್ತೈತಿ. ಇಲ್ಲಂದ್ರ ದಾವೆ ಹಾಕಿದ ದಿನದಿಂದ ಅಷ್ಟ."

"ಎರಡ ವರ್ಷ ಕೇಳೇನಲ್ರಿ ನಾ!" ಎಂದಳು ಚಿಗವ್ವ.

"ಬಾಯಿಲೆ ಕೇಳಿದ್ದು ಕೋರ್ಟಿಗೆ ಕೇಳಸೂದಿಲ್ಲವ್ವಾ."

ನೋಟಿಸು ಟೈಪಾಯಿತು. ರಿಜಿಸ್ಟರ್ ಮಾಡಿಸಿ ರಸೀದಿ ಇಟ್ಟುಕೊಳ್ಳಲು ಹೇಳಿ ವಕೀಲರು ಲಕೋಟೆಯನ್ನು ನನ್ನ ಕೈಗೆ ಕೊಟ್ಟರು. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿದವನು ನಾನು, ದಾಖಲೆಯಿಲ್ಲದ ಮಾತನ್ನು ನಂಬದವನು. ಅಂಚೆ ಕಚೇರಿಯಲ್ಲಿ ಉದ್ದ ಸಾಲಿನ ಕೊನೆಗೆ ನಿಂತದ್ದು ನೆನಪಿದೆ. ಆ ಸಾಲು ಅಂದಿನದೋ ಬೇರೆ ಯಾವ ದಿನದ್ದೋ, ಹೇಳಲಾರೆ. ಕೆಲವು ತಿಂಗಳ ನಂತರ ದಾವೆ ಹಾಕುವಾಗ ವಕೀಲರು ರಸೀದಿ ಕೇಳಿದರು. ಮನೆಯಲ್ಲಿದೆ, ಹುಡುಕುತ್ತೇನೆ ಎಂದೆ. ಸಿಗಲಿಲ್ಲ.

ಕೋರ್ಟ್ ಫೀಗೂ ವಕೀಲರ ಫೀಗೂ ಚಿಗವ್ವ ತನ್ನ ಎರಡು ಬಂಗಾರದ ಬಳೆ ಒತ್ತೆಯಿಟ್ಟಳು. ಗೆದ್ದರೆ ಬಡ್ಡಿ, ಖರ್ಚು ಎರಡೂ ಬರುತ್ತವೆ, ಅದರಲ್ಲೇ ಬಿಡಿಸಿಕೊಳ್ಳಬಹುದು ಎಂದು ಹೇಳಿದವನೂ ನಾನೇ.

ವ್ಯಾಪಾರಿ ಮೊದಲ ದಿನವೇ ಕೈಮುಗಿದು ನಿಂತ. "ಅಸಲು ಕೊಡೂದು ಖರೇ ಐತ್ರಿ. ಅಕ್ಕ ಒಂದ ಕಾಗದ ಹಾಕಿದ್ರ ಇಲ್ಲಿತನಕ ಬರ್ತಿದ್ದಿಲ್ಲ. ನನಗ ಯಾವ ನೋಟಿಸೂ ಮುಟ್ಟಿಲ್ರಿ."

ತೀರ್ಪು ಬಂತು. ಅಸಲು ಪೂರ್ತಿ. ಬಡ್ಡಿ ದಾವೆಯ ದಿನದಿಂದ ಮಾತ್ರ, ನೂರಕ್ಕೆ ಆರರಂತೆ. ಸೋತವನಿಂದ ಖರ್ಚು ಕೊಡಿಸುವುದು ಸಾಮಾನ್ಯ ನಿಯಮ, ಕೊಡಿಸದಿದ್ದರೆ ನ್ಯಾಯಾಧೀಶರು ಕಾರಣ ಬರೆಯಬೇಕು. ಬರೆದಿದ್ದರು. ನೋಟಿಸು ಕಳಿಸಿದ್ದಕ್ಕೆ ಪುರಾವೆಯಿಲ್ಲ, ಪ್ರತಿವಾದಿ ಆರಂಭದಲ್ಲೇ ಅಸಲು ಒಪ್ಪಿದ್ದಾನೆ, ಆದ್ದರಿಂದ ಅವರವರ ಖರ್ಚನ್ನು ಅವರವರೇ ಭರಿಸತಕ್ಕದ್ದು. ಚಹಾ ಕುಡಿದು ಬಂದ ಆ ಎರಡು ವರ್ಷ ಅದರಲ್ಲಿ ಎಲ್ಲಿಯೂ ಇರಲಿಲ್ಲ.

ವರಾಂಡದಲ್ಲಿ ವಕೀಲರು ನನ್ನತ್ತ ತಿರುಗಿದರು. "ಏನ್ರಿ ಸಾಹೇಬ್ರ, ಇಷ್ಟ ಸಾಲಿ ಕಲತು ಒಂದ ರಸೀದಿ ಇಟ್ಟಕೊಳ್ಳಾಕ ಆಗ್ಲಿಲ್ಲೇನು?"

ನಾನು ಬಾಯಿ ತೆರೆಯುವ ಮೊದಲೇ ಚಿಗವ್ವ ಅಂದಳು, "ಅಂವಗ ಬೈಬ್ಯಾಡ್ರಿ. ನೋಟಿಸ ಹಾಕಬ್ಯಾಡ ಅಂತ ನಾನ ಅಂದಿದ್ನಿ. ಅಕ್ಕಾ ಅನ್ನಾಂವಗ ಪೋಸ್ಟಿನಾಂವನ ಕೈಲೆ ಹೆಂಗ ಕೇಳೂದ್ರಿ?"

ಅವಳು ಹಾಗೆ ಅಂದಿರಬಹುದಾದವಳೇ. ಆದರೆ ಅಂದದ್ದು ನನಗೆ ನೆನಪಿರಲಿಲ್ಲ. ಈಗ ಕಣ್ಣು ಮುಚ್ಚಿದರೆ ಅವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಬ್ಯಾಡ ಅನ್ನುವುದು ಚೆನ್ನಾಗಿಯೇ ಕಾಣುತ್ತದೆ. ವರಾಂಡದ ಆ ಮಾತು ಕೇಳಿದ ಮೇಲೆ ನಾನೇ ಕಟ್ಟಿಕೊಂಡ ಚಿತ್ರವಿರಬೇಕು.

ಬಸ್ಸಿನಲ್ಲಿ ಕೇಳಿದೆ. "ಚಿಗವ್ವ, ಖರೇನ ಬ್ಯಾಡ ಅಂದಿದ್ದೇನು?"

"ಕೋರ್ಟು ಮುಗದೈತಿ. ಮತ್ತ ನೀ ಶುರು ಮಾಡಬ್ಯಾಡ."

ಕಂಡಕ್ಟರ್ ಬಂದ. ಹೆಂಗಸರಿಗೆ ಪುಕ್ಕಟೆ ಪ್ರಯಾಣ, ಅವಳಿಗೆ ಸೊನ್ನೆ ರೂಪಾಯಿಯ ಚೀಟಿ ಕೊಟ್ಟ. ನಾನು ಕಿಸೆ ತಡಕುವಷ್ಟರಲ್ಲಿ ಅವಳೇ ನನ್ನ ಟಿಕೀಟಿನ ರೊಕ್ಕ ಮುಂದೆ ಚಾಚಿದ್ದಳು. ಆ ಕೈಯಲ್ಲಿ ಗಾಜಿನ ಬಳೆಗಳಷ್ಟೇ ಇದ್ದವು.

ಆ ಟಿಕೀಟನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಚ್ಚು ಅಳಿಸಿಹೋಗಿದೆ. ಎಲ್ಲಿಂದ ಎಲ್ಲಿಗೆ ಎಂಬುದೂ ಈಗ ಓದಲು ಬಾರದು.